ಅಪ್ಪನ ದನಿಯ ವೇಗ

ಶೇಂಗಾ ಚಟ್ನಿಪುಡಿಯ ವಾಸನೆ ಬಂದರೆ ಬೇರೆಯವರಿಗೆ ಹುಬ್ಬಳ್ಳಿ ಧಾರವಾಡ ನೆನಪಾಗಬಹುದು, ಬಿಸಿ ರೊಟ್ಟಿ ನೆನಪಾಗಬಹುದು. ನನಗೆ ಕಂಪ್ಯೂಟರ್ ನೆನಪಾಗುತ್ತದೆ. ಹೋದ ವಾರ ನಮ್ಮ ಬ್ಯಾಂಕಿಗೆ ಗದಗದಿಂದ ವರ್ಗವಾಗಿ ಬಂದ ಹುಡುಗಿ ಊಟದ ಹೊತ್ತಿನಲ್ಲಿ ಡಬ್ಬಿಯ ಮುಚ್ಚಳ ತೆಗೆದಳು. ಹುರಿದ ಶೇಂಗಾ, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ನಾನು ತುತ್ತನ್ನು ಕೈಯಲ್ಲೇ ಹಿಡಿದು ಕುಳಿತುಬಿಟ್ಟೆ. "ಮೇಡಂ, ನಿಮಗ ಘಾಟು ಆತೇನ್ರಿ?" ಎಂದು ಅವಳು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. ಘಾಟೇನಲ್ಲ... ಆ ವಾಸನೆಯ ಜೊತೆಗೆ ಇನ್ನೊಂದು ವಾಸನೆಯೂ ಇರಬೇಕಿತ್ತಲ್ಲ ಎಂದು ಹುಡುಕುತ್ತಿದ್ದೆ. ಗಂಟೆಗಟ್ಟಲೆ ಓಡಿದ ಕಂಪ್ಯೂಟರಿನೊಳಗೆ ಧೂಳು ಕಾದು ಬರುವ ವಾಸನೆ. ಎರಡೂ ಸೇರಿದರೆ ಅದು ನಮ್ಮ ಮಹಡಿ ಅಕ್ಕಾರ ಕೋಣೆ.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳವು. ಮದ್ರಾಸಿನ ವೆಸ್ಟ್ ಮಾಂಬಲಂನಲ್ಲಿ, ಲೋಕಲ್ ರೈಲಿನ ಸದ್ದು ಅಡುಗೆಮನೆಯವರೆಗೂ ಕೇಳುವಂಥ ಒಂದು ಹಳೆಯ ಮನೆಯ ಕೆಳಭಾಗದಲ್ಲಿ ನಾವು ಬಾಡಿಗೆಗಿದ್ದೆವು. ಮೇಲಿನ ಭಾಗದಲ್ಲಿ ಅಕ್ಕಾರು ಒಬ್ಬರೇ ಇದ್ದರು. ಧಾರವಾಡದ ಕಡೆಯವರು. ವಿಮಾ ಕಚೇರಿಯಲ್ಲಿ ಬಹಳ ವರ್ಷ ದುಡಿದು, ಸ್ವಯಂನಿವೃತ್ತಿ ತೆಗೆದುಕೊಂಡು, ಎಲ್ಲರೂ ಕಾಶಿಗೋ ತಿರುಪತಿಗೋ ಹೋಗುವ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿತು, ಮದುವೆ ವಿಡಿಯೋಗಳನ್ನು ಎಡಿಟ್ ಮಾಡುವ ಕೆಲಸ ಹಿಡಿದಿದ್ದರು. ಸುತ್ತಮುತ್ತಲ ಸ್ಟುಡಿಯೋದವರು ಬ್ಯಾಗುಗಟ್ಟಲೆ ಕ್ಯಾಸೆಟ್ ತಂದು ಸುರಿಯುತ್ತಿದ್ದರು. ಇವರು ಪಕ್ಕದಲ್ಲಿ ಒಂದು ತಟ್ಟೆಯಲ್ಲಿ ಶೇಂಗಾ ಚಟ್ನಿ, ರೊಟ್ಟಿಯ ಚೂರು ಇಟ್ಟುಕೊಂಡು ಕತ್ತರಿಸುತ್ತ ಕೂರುತ್ತಿದ್ದರು.

ಕತ್ತರಿಸುವುದೆಂದರೆ ಅವರಿಗೆ ಪರಮಾನಂದ. ಬೀಗರು ಊಟ ಮಾಡುವುದು, ಸ್ಟೇಜಿನ ಮೇಲೆ ಸಾಲುಗಟ್ಟಿ ನಿಲ್ಲುವುದು, ಯಾರೋ ಅಜ್ಜ ಕ್ಯಾಮೆರಾ ನೋಡುತ್ತ ಸುಮ್ಮನೆ ನಿಂತಿರುವುದು, ಎಲ್ಲಕ್ಕೂ ಒಂದೇ ತೀರ್ಪು: "ತಗದ ಒಗಿ." ಅವರ ಕೈಗೆ ಸಿಕ್ಕ ಮದುವೆಯಲ್ಲಿ ಮದುಮಗಳು ಕಾರಿನಿಂದ ಇಳಿದು ಕಣ್ಣು ಮಿಟುಕಿಸುವಷ್ಟರಲ್ಲಿ ತಾಳಿ ಕಟ್ಟಿ ಆಗಿರುತ್ತಿತ್ತು. ನೀವೇಕೆ ಮದುವೆಯಾಗಲಿಲ್ಲ ಎಂದು ಅಮ್ಮ ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟಿದ್ದಳು. "ದಿನಾ ಮಂದಿ ಮದಿವಿ ನೋಡಿ ನೋಡಿ ಸಾಕಾಗೇತ್ರಿ, ನಂದೂ ಒಂದು ಎಲ್ಲಿ ನೋಡ್ಲಿ" ಎಂದು ನಕ್ಕುಬಿಟ್ಟರು. ಅಮ್ಮ ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಇಂಥವರ ಕೆಳಗಿನ ಮನೆಯಲ್ಲಿ ನಮ್ಮ ಅಪ್ಪ. ಅಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ವಯಸ್ಸಿನ ಬಹುಭಾಗವನ್ನು ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ, ಸಿಗ್ನಲ್ಲಿಗೆ ಕಾಯುತ್ತ ಕಳೆದದ್ದರಿಂದಲೋ ಏನೋ, ಅವರಿಗೆ ಯಾವುದಕ್ಕೂ ಅವಸರವಿರಲಿಲ್ಲ. ಮಾತಂತೂ ಇನ್ನೂ ನಿಧಾನ. ಒಂದು ಪದಕ್ಕೂ ಇನ್ನೊಂದು ಪದಕ್ಕೂ ನಡುವೆ ನಾವು ಒಂದು ಲೋಟ ಕಾಫಿ ಕುಡಿದು ಬರಬಹುದಿತ್ತು. ಅಕ್ಕಾರಿಗೆ ಅದನ್ನು ಸಹಿಸಲು ಆಗುತ್ತಿರಲಿಲ್ಲ. ಮೆಟ್ಟಿಲ ಬಳಿ ಸಿಕ್ಕಾಗ ಅಪ್ಪ, "ನಿನ್ನೆ ಪಲ್ಲಾವರಂ ಸಂತೇಲಿ..." ಎಂದು ಶುರುಮಾಡಿದರೆ ಅವರು ಚಪ್ಪಲಿ ಹಾಕಿಕೊಳ್ಳುತ್ತಲೇ, "ಕಿಸೆ ಕತ್ತರಿಸಿದ್ರೇನ್ರಿ? ಅಲ್ಲಿ ಭಾಳ ಕಳ್ಳರು" ಎಂದು ಮುಗಿಸಿ ಹೊರಟೇಬಿಡುತ್ತಿದ್ದರು. ಅಪ್ಪ ಹೇಳಹೊರಟಿದ್ದು ಅಲ್ಲಿ ತಂದ ಮಲ್ಲಿಗೆ ಗಿಡದ ವಿಷಯ. "ಗಾರ್ಡ್ ಸಾಹೇಬ್ರ, ನಿಮ್ಮ ಮಾತು ಮುಗಿಯೂದ್ರಾಗ ಎರಡು ಗಾಡಿ ಹೋಗಿರ್ತಾವ್ರಿ" ಎಂದು ಮುಖದ ಮೇಲೇ ಹೇಳುತ್ತಿದ್ದರು. ಅಪ್ಪನಿಗೆ ಕೋಪವೇ ಬರುತ್ತಿರಲಿಲ್ಲ. ನಮಗೇ ಒಮ್ಮೊಮ್ಮೆ ಬರುತ್ತಿತ್ತು.

ಆಮೇಲೆ ಅಪ್ಪನ ಗಂಟಲಿಗೆ ಕಾಯಿಲೆ ಬಂತು. ಕೀಲ್ಪಾಕ್ ಕಡೆಯ ಆಸ್ಪತ್ರೆಯೊಂದರಲ್ಲಿ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಮಸ್ಕತ್ತಿನಲ್ಲಿದ್ದ ನನ್ನ ಸೋದರಮಾವ ರಜೆ ಹಾಕಿ ಬಂದ. ಬರುವಾಗ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಡಿಜಿಟಲ್ ಕ್ಯಾಮ್‌ಕಾರ್ಡರ್ ತಂದಿದ್ದ. ಆಸ್ಪತ್ರೆಗೆ ಸೇರುವ ಹಿಂದಿನ ದಿನ, "ಭಾವ, ಏನಾದ್ರೂ ಮಾತಾಡಿ, ರೆಕಾರ್ಡ್ ಮಾಡಿಡೋಣ" ಎಂದು ಅಪ್ಪನನ್ನು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂರಿಸಿದ.

ಅಪ್ಪ ಆರಿಸಿಕೊಂಡದ್ದು ಅಮ್ಮನನ್ನು ಮದುವೆಯಾಗಿ ಬೆಂಗಳೂರಿನಿಂದ ಮದ್ರಾಸಿಗೆ ಕರೆತಂದ ಪ್ರಯಾಣದ ಕಥೆ. ನಾನು ಬ್ಯಾಂಕಿಗೆ ಹೋಗಿದ್ದೆ. ಅಮ್ಮ ಸ್ವಲ್ಪ ಹೊತ್ತು ಕೇಳಿ, ಕಣ್ಣೊರೆಸಿಕೊಂಡು, ಅರ್ಚನೆ ಮಾಡಿಸಲು ದೇವಸ್ಥಾನಕ್ಕೆ ಹೋದಳು. ಮಾವನೂ ಸ್ವಲ್ಪ ಹೊತ್ತು ಕೇಳಿದ. ಅಪ್ಪನ ರೈಲು ಜೋಲಾರಪೇಟೆಯನ್ನೂ ದಾಟದಿದ್ದದ್ದು ನೋಡಿ, ಕ್ಯಾಮೆರಾವನ್ನು ಪುಸ್ತಕಗಳ ಮೇಲೆ ಭದ್ರವಾಗಿ ಕೂರಿಸಿ, ಅದರ ಪಾಡಿಗೆ ಓಡಲು ಬಿಟ್ಟು, ಆಸ್ಪತ್ರೆಗೆ ಬೇಕಾದ ಸಾಮಾನು ತರಲು ಅಂಗಡಿಗೆ ಹೋದ. ಕೇಳುವವರಿಲ್ಲದಿದ್ದರೂ ಅಪ್ಪನಿಗೇನೂ ತೊಂದರೆ ಇರಲಿಲ್ಲ. ಒಬ್ಬರೇ ಕುಳಿತು ಮಾತಾಡಿದರು. ಕ್ಯಾಸೆಟ್ ತಾನಾಗಿ ನಿಂತ ಮೇಲೆ ಎದ್ದು ಬಂದರು.

ಆಪರೇಷನ್ ಆಯಿತು. ಅಪ್ಪ ಕತ್ತಿನಲ್ಲೊಂದು ರಂಧ್ರ, ಅದರ ಮೇಲೊಂದು ತೆಳು ಬಟ್ಟೆ, ಕೈಯಲ್ಲೊಂದು ಸ್ಲೇಟು ಹಿಡಿದು ಮನೆಗೆ ಬಂದರು. ಮೊದಮೊದಲು ಅಭ್ಯಾಸಬಲದಿಂದ ತುಟಿಯಾಡಿಸುತ್ತಿದ್ದರು. ನಾವು ಅವರ ಬಾಯಿಯನ್ನೇ ನೋಡುತ್ತ ಅರ್ಥ ಮಾಡಿಕೊಳ್ಳುತ್ತಿದ್ದೆವು.

ಮಾವ ವಾಪಸು ಹೊರಡುವ ದಿನ ಹತ್ತಿರ ಬಂದಿತ್ತು. ಕ್ಯಾಮೆರಾವನ್ನು ಟಿವಿಗೆ ಸಿಕ್ಕಿಸುವ ವೈರನ್ನು ಅವನು ಮಸ್ಕತ್ತಿನಲ್ಲೇ ಮರೆತು ಬಂದಿದ್ದ. ಕ್ಯಾಮೆರಾದ ಬೆಂಕಿಪೊಟ್ಟಣದಷ್ಟು ಪರದೆ, ಅದರ ಸೊಳ್ಳೆ ಗುಂಯ್‌ಗುಟ್ಟುವಂಥ ಸ್ಪೀಕರ್ ಬಿಟ್ಟರೆ ಟೇಪು ನೋಡಲು ಬೇರೆ ದಾರಿಯಿರಲಿಲ್ಲ. ಅಕ್ಕಾರು ವಿಷಯ ಕೇಳಿದವರೇ ಎಲೆಕ್ಟ್ರಾನಿಕ್ಸ್ ಅಂಗಡಿಗಳ ರಿಚಿ ಸ್ಟ್ರೀಟಿಗೆ ಹೋಗಿ ಕ್ಯಾಮೆರಾದಿಂದ ಕಂಪ್ಯೂಟರಿಗೆ ಎಳೆಯುವ ಕೇಬಲ್ ತಂದರು. "ಕಂಪ್ಯೂಟರ್‌ನಾಗ ಇಳಿಸಿ ಸಿ.ಡಿ. ಮಾಡಿ ಕೊಡ್ತೀನಿ. ಎಲ್ಲಾರೂ ಬರ್ರಿ ಮ್ಯಾಲ" ಎಂದರು. ಒಂದು ಭಾನುವಾರ ಬೆಳಗ್ಗೆ ಎಲ್ಲರೂ ಹೋದೆವು. ಅಪ್ಪ, ಅಮ್ಮ, ಮಾವ, ನಾನು, ಜೊತೆಗೆ ನಮ್ಮಲ್ಲಿಗೆ ಬಂದಿದ್ದ ಅಣ್ಣನ ಪುಟ್ಟ ಮಗಳು. ಅಪ್ಪನಿಗೆ ಮುಂದಿನ ಕುರ್ಚಿ.

ಪರದೆಯ ಮೇಲೆ ಅಪ್ಪ ಬಂದರು. ಕಿಟಕಿ, ಕುರ್ಚಿ, ಬಿಳಿ ಜುಬ್ಬ. ಬಾಯಿ ತೆರೆದರು. ಅದರಿಂದ ಹೊರಟದ್ದು ಅಪ್ಪನ ದನಿಯಲ್ಲ. ತೆಳ್ಳಗೆ, ಕೀಚಲಾಗಿ, ಒಂದರ ಮೇಲೊಂದು ಬಿದ್ದು ಓಡುವ ಚಿಲಿಪಿಲಿ. ಮೊದಲು ನಕ್ಕವರು ಅಕ್ಕಾರೇ. ಆಮೇಲೆ ಮಾವ. ಮದ್ರಾಸಿನ ಶಾಲೆಯಲ್ಲಿ ಓದುತ್ತ ತಮಿಳಿನಲ್ಲೇ ಉತ್ತರಿಸುತ್ತಿದ್ದ ಅಣ್ಣನ ಮಗಳು ಚಪ್ಪಾಳೆ ತಟ್ಟಿ, "ತಾತಾ ಅಣಿಲ್ ಮಾದಿರಿ ಪೇಸ್ರಾರು!" ಎಂದು ಕುಣಿದಳು. ತಾತ ಅಳಿಲಿನ ಹಾಗೆ ಮಾತಾಡುತ್ತಾರಂತೆ. ಅಷ್ಟರಲ್ಲಿ ಆ ಚಿಲಿಪಿಲಿ ಮುಗಿದೇಹೋಯಿತು. ಚಿತ್ರ ಮಾತ್ರ ಇನ್ನೂ ಓಡುತ್ತಿತ್ತು. ದನಿಯಿಲ್ಲದೆ ಅಪ್ಪನ ತುಟಿಗಳು ಆಡುತ್ತಲೇ ಇದ್ದವು... ಈಗ ನಮ್ಮ ಮುಂದೆ ಕುಳಿತ ಅಪ್ಪ ಮಾತಾಡುತ್ತಿದ್ದುದೂ ಹಾಗೆಯೇ. ನಗು ನಿಂತಿತು. ಅಪ್ಪ ಎದ್ದರು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು.

ಅವತ್ತಿನಿಂದ ಅಪ್ಪ ತುಟಿಯಾಡಿಸುವುದನ್ನು ಬಿಟ್ಟರು. ಬೇಕಾದ್ದನ್ನು ಸ್ಲೇಟಿನ ಮೇಲೆ ಬರೆಯುವರು. ಅದೂ ಒಂದೊಂದೇ ಪದ. ಕಾಫಿ. ಫ್ಯಾನು. ಸಾಕು. "ಹೋಗ್ಲಿ ಬಿಡಿ, ಅದನ್ನ ಮತ್ತೆ ಹಾಕೋದೇ ಬೇಡ" ಎಂದು ಅಮ್ಮ ಎಲ್ಲರಿಗೂ ಹೇಳಿದಳು. ನನಗೆ ಭಯವಾದದ್ದು ಆಗ. ದನಿ ಹೋದದ್ದಕ್ಕೆ ಮನಸ್ಸು ಹೇಗೋ ಸಿದ್ಧವಾಗಿತ್ತು. ಮಾತೇ ಹೋಗಿಬಿಡುತ್ತದೆಂದು ಅಂದುಕೊಂಡಿರಲಿಲ್ಲ.

ಮಾರನೆಯ ದಿನ ಅಕ್ಕಾರು ಕೆಳಗೆ ಬಂದರು. ತಪ್ಪಾಯಿತು ಅನ್ನಲಿಲ್ಲ. ಆ ಮಾತು ಅವರ ಬಾಯಿಂದ ಯಾರೂ ಕೇಳಿದ್ದಿಲ್ಲ. "ಗಾರ್ಡ್ ಸಾಹೇಬ್ರ, ನಿಮ್ಮ ವಾಚು ಕಟ್ಟಿಕೊಂಡು ಮ್ಯಾಲ ಬರ್ರಿ. ಕೆಲಸ ಐತಿ" ಎಂದರು. ಅಪ್ಪ ಸ್ಲೇಟಿನ ಮೇಲೆ "ಬೇಡ" ಎಂದು ಬರೆದು ತೋರಿಸಿದರು. ಅಕ್ಕಾರು ಹೋಗಲಿಲ್ಲ. ನಮ್ಮ ಹೊಸ್ತಿಲ ಮೇಲೇ ಕುಳಿತರು. ಹಾಲು ಕಾಯುವಷ್ಟು ಹೊತ್ತೂ ಒಂದು ಕಡೆ ನಿಲ್ಲಲಾರದವರು, ಅಮ್ಮನ ಅಡುಗೆ ಮುಗಿದರೂ ಅಲ್ಲಿಂದ ಕದಲಲಿಲ್ಲ. ಕೊನೆಗೆ ಅಪ್ಪನೇ ಸೋತು, ಗೂಡಿನಿಂದ ವಾಚು ತೆಗೆದು ಕಟ್ಟಿಕೊಂಡು ಅವರ ಹಿಂದೆ ಮೆಟ್ಟಿಲು ಹತ್ತಿದರು.

ಮೊದಲು ಅಕ್ಕಾರಿಗೆ ಅನುಮಾನ ಬಂದದ್ದು ಕಂಪ್ಯೂಟರಿನ ಮೇಲೆ. ಚಿತ್ರವೂ ಅಲ್ಲಲ್ಲಿ ಹಾರುತ್ತಿತ್ತು. ಅಪ್ಪನ ಕೈ ಮಡಿಲಲ್ಲಿದ್ದದ್ದು ಥಟ್ಟನೆ ಗಲ್ಲದ ಮೇಲಿರುತ್ತಿತ್ತು. ಡಿಸ್ಕು ತುಂಬಿ, ಟೇಪಿನಷ್ಟೇ ವೇಗವಾಗಿ ಬರೆದುಕೊಳ್ಳಲಾರದೆ, ಯಂತ್ರ ನಡುನಡುವೆ ಚಿತ್ರಗಳನ್ನು ಕೈಬಿಡುತ್ತಿದೆ ಎಂದು ಅವರು ಕಂಡುಹಿಡಿದರು. ಕೆಲಸ ಮುಗಿದ ಮದುವೆಗಳನ್ನೆಲ್ಲ ಅಳಿಸಿ ಜಾಗ ಮಾಡಿದರು. ಚಿತ್ರ ಸರಾಗವಾಯಿತು. ದನಿ ಮಾತ್ರ ಅಳಿಲಿನದೇ.

ಆಮೇಲೆ ಅನುಮಾನ ಕ್ಯಾಮೆರಾದ ಮೇಲೆ. ಮಾವನನ್ನು ಕರೆದು ಅಡ್ಡಡ್ಡ ಪ್ರಶ್ನೆ ಹಾಕಿದಾಗ ಅವನು ತಡವರಿಸುತ್ತ ಒಪ್ಪಿಕೊಂಡ. ಇದ್ದದ್ದು ಒಂದೇ ಕ್ಯಾಸೆಟ್, ಭಾವನ ಮಾತಿನ ವೇಗವೂ ಗೊತ್ತಿದ್ದದ್ದೇ. ಹಾಗಾಗಿ ಪೂರ್ತಿ ಅದರಲ್ಲೇ ಹಿಡಿಸಲೆಂದು ಮೆನುವಿನಲ್ಲಿ ಕಡಿಮೆಯದು ಎಂದು ಕಂಡದ್ದನ್ನೆಲ್ಲ ಒತ್ತಿಬಿಟ್ಟಿದ್ದ. ಟೇಪು ನಿಧಾನ ಓಡಲಿ, ದನಿಯೂ ಕಡಿಮೆ ದರ್ಜೆಯಲ್ಲಿರಲಿ. ನಮ್ಮ ಮನೆಯವರೆಲ್ಲ ಹಾಗೆಯೇ, ಕಂಡ ಕಂಡ ಬಲ್ಬು ಆರಿಸಿ ಉಳಿತಾಯ ಮಾಡುವವರು. "ಆ ಥರಾ ತಗದ ಕ್ಯಾಸೆಟ್ಟು ತಗದ ಕ್ಯಾಮೆರಾದಾಗಷ್ಟ ಓಡತೈತ್ರಿ!" ಎಂದು ಅಕ್ಕಾರು ತಲೆ ಚಚ್ಚಿಕೊಂಡರು. ಆದರೂ ಬಿಡದೆ ಸ್ಟುಡಿಯೋದವರೊಬ್ಬರ ಕ್ಯಾಮೆರಾ ತರಿಸಿ ಹಾಕಿ ನೋಡಿದರು. ಅಪ್ಪನ ಮುಖ ಚೌಕ ಚೌಕವಾಗಿ ಒಡೆದು ಬಂತು. ಅಂದರೆ ಮಾವನ ಕ್ಯಾಮೆರಾ ವಿಮಾನ ಹತ್ತಿದರೆ ಅಪ್ಪನ ದನಿಯೂ ಅದರ ಜೊತೆ ಹೋದಂತೆಯೇ.

ಆಮೇಲೆ ದನಿಯನ್ನು ಹಿಗ್ಗಿಸಿ ನೋಡಿದರು. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಸದ್ದಿನ ಪಟ್ಟಿಯ ತುದಿ ಹಿಡಿದು, ಚಿತ್ರದ ಉದ್ದಕ್ಕೆ ಸರಿಯಾಗುವವರೆಗೆ ಎಳೆದರು. ಈಗ ತುಟಿಗೂ ದನಿಗೂ ತಾಳೆಯಾಯಿತು. ಆದರೆ ದನಿ ತೆಳ್ಳಗೇ ಉಳಿದಿತ್ತು. ತಗಡಿನ ಡಬ್ಬಿಯೊಳಗೆ ಯಾರೋ ಕುಳಿತು ಅಪ್ಪನ ಅಣಕ ಮಾಡಿದ ಹಾಗೆ. "ಪರವಾಯಿಲ್ಲ, ಇಷ್ಟಾದ್ರೂ ಬಂತಲ್ಲ, ಸಾಕು" ಎಂದ ಮಾವ. ಅಮ್ಮನೂ ಹೂಂ ಅಂದಳು. ಸುಳ್ಳೇಕೆ, ನಾನೂ ಹೂಂ ಅಂದೆ. ಅಪ್ಪ ಇಲ್ಲವೆಂದು ತಲೆಯಾಡಿಸಿದರು. ಎದೆಯ ಮೇಲೆ ಬೆರಳಿಟ್ಟು, ಆ ಬೆರಳನ್ನೇ ಅಡ್ಡಡ್ಡ ಆಡಿಸಿದರು. ನನ್ನದಲ್ಲ ಎಂದು.

"ದನಿ ಯಾರದು? ಅವರದು. ಅವರು ಅಲ್ಲ ಅಂದ್ರ ಅಲ್ಲ. ಮುಗೀತು" ಎಂದು ಅಕ್ಕಾರು ಆ ಕೆಲಸವನ್ನೂ ಅಳಿಸಿಹಾಕಿದರು.

ಹೀಗೆ ದಿನಗಳು ಕಳೆಯುತ್ತಿದ್ದವು. ಬೆಳಗ್ಗೆ ಕಾಫಿ ಆದ ಮೇಲೆ ಅಪ್ಪ ವಾಚು ಕಟ್ಟಿಕೊಂಡು ಮೇಲೆ ಹೋಗುವುದು ರೂಢಿಯಾಯಿತು. ಅವರ ಕೆಲಸವೆಂದರೆ, ತೆಗೆದ ಪ್ರತಿ ತುಣುಕಿನಲ್ಲೂ ದನಿ ಯಾವಾಗ ನಿಂತಿತು, ಚಿತ್ರ ಯಾವಾಗ ನಿಂತಿತು ಎಂದು ವಾಚು ನೋಡಿ ಹೇಳುವುದು. ಅದು ಕಂಪ್ಯೂಟರಿನ ಪರದೆಯ ಮೇಲೇ ಕಾಣುತ್ತಿತ್ತು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ನಾನೇ ಅಂಥ ಸಾಫ್ಟ್‌ವೇರ್ ಬಳಸಿದಾಗ. ಅಕ್ಕಾರು ಬೇಕೆಂದೇ ಅಪ್ಪನಿಗೊಂದು ಡ್ಯೂಟಿ ಹಾಕಿದ್ದರೋ, ಇಲ್ಲ ನಿಜವಾಗಿಯೂ ಅವರ ರೈಲ್ವೆ ಲೆಕ್ಕದ ಮೇಲೆ ನಂಬಿಕೆಯಿತ್ತೋ... ಕೇಳಿದ್ದರೂ ಅವರು ಹೇಳುತ್ತಿರಲಿಲ್ಲ. ನನಗಂತೂ, ಮನೆಯಲ್ಲಿ ಕಲ್ಲಿನಂತೆ ಕೂರುತ್ತಿದ್ದ ಅಪ್ಪ ಮೆಟ್ಟಿಲು ಹತ್ತುವುದನ್ನು ನೋಡಿದರೇ ಹೋದ ಜೀವ ಬಂದ ಹಾಗಾಗುತ್ತಿತ್ತು.

ಮಾವ ಹೊರಡುವ ದಿನವೇ ಬಂತು. ಸಂಜೆಗೆ ವಿಮಾನ. ನಾನು ರಜೆ ಹಾಕಿದ್ದೆ. ಬೆಳಗ್ಗೆ ಮೇಲೆ ಹೋದಾಗ ಅಪ್ಪ ಸ್ಲೇಟಿನ ಮೇಲೆ ಏನೋ ಬರೆದು ಅಕ್ಕಾರ ಮುಂದೆ ಹಿಡಿದಿದ್ದರು. ಅಕ್ಕಾರು ರೊಟ್ಟಿ ಜಗಿಯುವುದನ್ನೂ ಮರೆತು ನೋಡುತ್ತಿದ್ದರು. ಚಿತ್ರ ಒಂಬತ್ತು ನಿಮಿಷವಾದರೆ ದನಿ ಆರು. ಚಿತ್ರ ಮೂರಾದರೆ ದನಿ ಎರಡು. ಯಾವ ತುಣುಕು ತೆಗೆದುಕೊಂಡರೂ ಅಷ್ಟೇ. ಕೆಳಗೆ ಅಪ್ಪ ದಪ್ಪಗೆ ಬರೆದಿದ್ದರು: "ಯಾವಾಗಲೂ 3ಕ್ಕೆ 2."

"ಯವ್ವಾ, ಇದು ರೋಗ ಅಲ್ಲ, ಲೆಕ್ಕ ಐತಿ!" ಎಂದು ಅಕ್ಕಾರು ನನ್ನ ಭುಜಕ್ಕೆ ಹೊಡೆದರು. "ಕೆಟ್ಟಿದ್ರ ಒಮ್ಮೆ ಹಿಂಗ, ಒಮ್ಮೆ ಹಂಗ ಕೆಡಬೇಕಿತ್ತು. ಒಂದ ಪ್ರಕಾರ ತಪ್ಪೂದು ಅಂದ್ರ ಎಲ್ಲ್ಯೋ ನಾವ ತಪ್ಪು ಅಂಕಿ ಹಾಕೇವಿ." ಅವರು ಸೆಟ್ಟಿಂಗುಗಳ ಒಂದೊಂದೇ ಪುಟ ತೆರೆದು ಮೂರಕ್ಕೆರಡರ ಸಂಬಂಧವಿರುವ ಅಂಕಿಗಳನ್ನು ಹುಡುಕಿದರು. ಸಿಕ್ಕೇಬಿಟ್ಟಿತು. ಮಾವ ಒತ್ತಿದ ಕಡಿಮೆ ದರ್ಜೆಯಲ್ಲಿ ಕ್ಯಾಮೆರಾ ದನಿಯನ್ನು ಸೆಕೆಂಡಿಗೆ ಮೂವತ್ತೆರಡು ಸಾವಿರ ಚೂರುಗಳಾಗಿ ತೆಗೆದಿಟ್ಟಿತ್ತು. ಅಕ್ಕಾರ ಕಂಪ್ಯೂಟರು ತನಗೆ ರೂಢಿಯಿದ್ದಂತೆ ಸೆಕೆಂಡಿಗೆ ನಲವತ್ತೆಂಟು ಸಾವಿರ ಚೂರು ನುಂಗುತ್ತ ಹೋಗಿತ್ತು. ಅಪ್ಪ ಒಂಬತ್ತು ನಿಮಿಷ ಆಡಿದ್ದನ್ನು ಅದು ಆರೇ ನಿಮಿಷದಲ್ಲಿ ತಿಂದು ಮುಗಿಸುತ್ತಿತ್ತು.

ಅಂಕಿ ಬದಲಾಯಿಸಿ ಒಂದು ಸಣ್ಣ ತುಣುಕು ತೆಗೆದು, ಸ್ಪೀಕರಿನ ಸದ್ದು ಪೂರ್ತಿ ಏರಿಸಿ ಹಾಕಿದರು. ಟೇಪಿನ ಶುರುವಿನಲ್ಲಿ ಅಪ್ಪ ಅಮ್ಮನನ್ನು ಕಥೆ ಕೇಳಲು ಕರೆದಿದ್ದರು. "ಏನೇ... ಇಲ್ಲಿ... ಬಾ." ದಪ್ಪನೆಯ, ಅವಸರವಿಲ್ಲದ, ನಡುವೆ ತಾನೇ ಸುಧಾರಿಸಿಕೊಳ್ಳುವ ಆ ದನಿ ಕೋಣೆ ತುಂಬಿತು.

ಕೆಳಗೆ ಅಡುಗೆಮನೆಯಿಂದ ಅಮ್ಮ ಕೂಗಿದಳು: "ಬಂದೇ ರೀ!"

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಮ್ಮ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲಿ ನಿಂತು, ಪರದೆಯನ್ನು ನೋಡಿ, ಕುರ್ಚಿಯಲ್ಲಿದ್ದ ಅಪ್ಪನನ್ನು ನೋಡಿ, ಅಲ್ಲೇ ಹೊಸ್ತಿಲ ಮೇಲೆ ಕುಳಿತಳು. ಅಪ್ಪನ ಬೆರಳು ಮತ್ತೆ ಎದೆಯ ಮೇಲಿತ್ತು. ಈ ಸಲ ಅದು ಅಡ್ಡಡ್ಡ ಆಡಲಿಲ್ಲ. ನಾನು ಅತ್ತೆ, ಯಾವ ನಾಚಿಕೆಯೂ ಇಲ್ಲದೆ ಅತ್ತೆ.

ಆದರೆ ಅಲ್ಲಿಯವರೆಗೆ ಇಳಿಸಿದ್ದೆಲ್ಲ ಶುರುವಿನ ಚಿಕ್ಕ ಚಿಕ್ಕ ತುಣುಕುಗಳೇ. ಈಗ ಇಡೀ ಕ್ಯಾಸೆಟ್ಟನ್ನು ಮೊದಲಿನಿಂದ ಇಳಿಸಬೇಕು. ಈ ಕೆಲಸದಲ್ಲಿ ಓಡಿಸುವಂತಿಲ್ಲ. ಅಪ್ಪ ಎಷ್ಟು ಹೊತ್ತು ಮಾತಾಡಿದ್ದರೋ ಅಷ್ಟು ಹೊತ್ತೂ ಟೇಪು ತನ್ನ ಪಾಡಿಗೆ ಓಡಬೇಕು, ನಾವು ಕಾಯಬೇಕು. ಶುರುಮಾಡಿದರು. ಅಪ್ಪನ ರೈಲು ಬಂಗಾರಪೇಟೆ ಬಿಡುವ ಹೊತ್ತಿಗೆ ಕರೆಂಟು ಹೋಯಿತು. ಬಂದದ್ದು ಊಟದ ಹೊತ್ತಿಗೆ. ಮತ್ತೆ ಮೊದಲಿನಿಂದ.

ಟ್ಯಾಕ್ಸಿ ಬಂದು ಗೇಟಿನ ಮುಂದೆ ನಿಂತಾಗ ರೈಲು ಇನ್ನೂ ಕಾಟ್ಪಾಡಿಯ ಸುತ್ತಮುತ್ತ ಇತ್ತು. ಮಾವ ಬೂಟು ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತು ಗಳಿಗೆಗೊಮ್ಮೆ ಒಳಗೆ ಇಣುಕುತ್ತಿದ್ದ. "ಅಕ್ಕಾವ್ರೇ, ಬಂದಷ್ಟು ಸಾಕು. ದನಿ ಸಿಕ್ತಲ್ಲ. ಫ್ಲೈಟ್ ಮಿಸ್ ಆದ್ರೆ ನನ್ನ ಕೆಲಸ ಹೋಗತ್ತೆ" ಎಂದ. ಅಪ್ಪನೂ ಕೈಸನ್ನೆ ಮಾಡಿದರು, ಕೊಟ್ಟುಬಿಡಿ, ಸಾಕು ಎಂದು.

ಅಕ್ಕಾರು ಕ್ಯಾಮೆರಾದ ಮೇಲೆ ಕೈ ಅಡ್ಡ ಇಟ್ಟರು. "ಇಷ್ಟು ವರ್ಷ ಗಾರ್ಡ್ ಸಾಹೇಬ್ರ ಮಾತು ನಡುವ ಕಡದೇನಿ. ಇವತ್ತ ಪೂರಾ ಕೇಳೇ ಏಳ್ತೀನಿ. ಮುಗಿಯೂ ತನಕ ಇದು ಕೆಳಗ ಇಳಿಯೂದಿಲ್ಲ" ಎಂದರು. ಮಾವ ನನ್ನ ಮುಖ ನೋಡಿದ. ನಾನು ಟ್ಯಾಕ್ಸಿಯವನನ್ನು ಸಮಾಧಾನ ಮಾಡಲು ಓಡಿದೆ.

ಹಿಂತಿರುಗಿ ಬಂದಾಗ ಅಪ್ಪನ ರೈಲು ಸೆಂಟ್ರಲ್ ಸ್ಟೇಷನ್ ಮುಟ್ಟಿತ್ತು. ಹೊಸ ಮದುಮಗಳಾದ ಅಮ್ಮ ಪ್ಲಾಟ್‌ಫಾರಂ ಮೇಲೆ ಟ್ರಂಕಿನ ಮೇಲೆ ಕುಳಿತು, ಈ ಊರಲ್ಲಿ ಯಾರ ಜೊತೆ ಮಾತಾಡಲಿ ಎಂದು ಅತ್ತಿದ್ದಳಂತೆ. ಆಮೇಲೆ ಬಹಳ ಹೊತ್ತು ಬರೀ ಕಿಟಕಿ, ಅಪ್ಪನ ಸುಮ್ಮನಿರುವ ಮುಖ. ಇದೇ ಬೇರೆಯವರ ಟೇಪಾಗಿದ್ದರೆ ಅಕ್ಕಾರು ಯಾವಾಗಲೋ "ತಗದ ಒಗಿ" ಅಂದಿರುತ್ತಿದ್ದರು. ಇವತ್ತು ಅವರ ಕೈ ಮೌಸಿನ ಹತ್ತಿರವೂ ಹೋಗಲಿಲ್ಲ. ಕ್ಯಾಮೆರಾದ ಪುಟ್ಟ ಸ್ಪೀಕರಿನಿಂದ ಅಪ್ಪ ಮತ್ತೆ ಮಾತಾಡಿದರು. ಅವತ್ತು ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಈ ಮಾತನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

"ನಾಳೆಯಿಂದ... ನನಗೆ ದನಿ ಇರೋಲ್ಲ. ಇವರೆಲ್ಲಾ... ನನ್ನ ಮುಂದೆ ಮಾತಾಡೋಕೆ ಸಂಕೋಚ ಪಡ್ತಾರೆ ಅಂತ... ಈಗ್ಲೇ ಗೊತ್ತಾಗ್ತಿದೆ. ಮಹಡಿ ಅಕ್ಕಾರು..."

ಅಲ್ಲಿ ಅಪ್ಪ ನಿಂತರು. ಎಂದಿನ ಹಾಗೆ, ಉದ್ದವಾಗಿ. ಅಕ್ಕಾರ ಬಾಯಿ ತೆರೆಯಿತು. ಆ ಮಾತನ್ನು ಮುಗಿಸಲು ಅವರ ಇಡೀ ಮೈ ಮುಂದಕ್ಕೆ ಬಾಗಿತ್ತು. ಆಮೇಲೆ ತಮ್ಮ ಅಂಗೈಯನ್ನೇ ಬಾಯಿಯ ಮೇಲೆ ಒತ್ತಿಕೊಂಡು ಕುಳಿತರು.

"...ಅಕ್ಕಾರು ಮಾತ್ರ ಸಂಕೋಚ ಪಡೋಲ್ಲ. ನನ್ನ ಮಾತನ್ನ... ಯಾವತ್ತೂ ಅವರೇ ಮುಗಿಸ್ತಾರೆ. ಬಹಳ ಸಲ ತಪ್ಪೇ ಮುಗಿಸ್ತಾರೆ. ಆದ್ರೂ... ಅವರು ಮುಗಿಸ್ಲಿ. ಯಾರೂ ಬೇಡ ಅನ್ಬೇಡಿ. ಮಾತು... ನಿಲ್ಲಬಾರದು."

ಸ್ವಲ್ಪ ಹೊತ್ತಿಗೆ ಟೇಪು ಖಟ್ಟೆಂದು ನಿಂತಿತು. ಅಕ್ಕಾರು ಕಣ್ಣೊರೆಸಿಕೊಳ್ಳಲೂ ಇಲ್ಲ. ಕೇಬಲ್ ಕಿತ್ತು, ಕ್ಯಾಮೆರಾವನ್ನು ಅದರ ಚೀಲಕ್ಕೆ ಹಾಕಿ ಮಾವನ ಕೈಗಿಟ್ಟರು. ಆಮೇಲೆ ಅಪ್ಪನ ಕಡೆ ತಿರುಗಿದರು. ಅಪ್ಪ ಅವರನ್ನೇ ನೋಡುತ್ತಿದ್ದರು. ಎಷ್ಟೋ ದಿನಗಳ ಮೇಲೆ ಅಪ್ಪನ ತುಟಿ ಆಡಿತು, ಏನೋ ಎರಡು ಪದ. ನನಗೆ ತಿಳಿಯಲಿಲ್ಲ. "ಚಹಾ ಬೇಕಂತ" ಎಂದು ಅಕ್ಕಾರು ಗಟ್ಟಿಯಾಗಿ ಹೇಳಿದರು. ಅಪ್ಪ ಅಲ್ಲವೆಂದು ತಲೆಯಾಡಿಸುತ್ತ, ಸದ್ದಿಲ್ಲದೆ, ಭುಜ ಕುಣಿಯುವಂತೆ ನಕ್ಕರು. ಮಾವನಿಗೆ ವಿಮಾನ ಹೇಗೋ ಸಿಕ್ಕಿತು.

ಅಪ್ಪ ಆಮೇಲೆ ಕೆಲವು ವರ್ಷ ಚೆನ್ನಾಗಿಯೇ ಬದುಕಿದರು. ಸ್ಲೇಟು ಮೂಲೆ ಸೇರಿತು. ಅಪ್ಪ ತುಟಿಯಾಡಿಸುವುದು, ಅಕ್ಕಾರು ಅದಕ್ಕೆ ದನಿ ಕೊಡುವುದು. ತರಕಾರಿಯವನ ಜೊತೆ ಚೌಕಾಸಿ, ಡಾಕ್ಟರ ಹತ್ತಿರ ದೂರು, ನನ್ನ ಮದುವೆ ಮಾತುಕತೆಯಲ್ಲಿ ಬೀಗರ ಮುಂದೆ ಅಪ್ಪನ ಮಾತು, ಎಲ್ಲವೂ ಧಾರವಾಡದ ಕನ್ನಡದಲ್ಲಿ, ಅಪ್ಪ ಕನಸಿನಲ್ಲೂ ಆಡದಷ್ಟು ವೇಗದಲ್ಲಿ ಹೊರಬರುತ್ತಿದ್ದವು. ಅರ್ಧಕ್ಕರ್ಧ ತಪ್ಪು. ಅಪ್ಪ ತಿದ್ದುವರು, ಅವರು ಜಗಳಕ್ಕೆ ನಿಲ್ಲುವರು. ನಮ್ಮ ಮನೆಯಲ್ಲಿ ಮಾತು ನಿಲ್ಲಲಿಲ್ಲ. ಅವರಿಗೆ ನಾನು ಋಣಿಯಾಗಿರುವುದು ಟೇಪಿಗಿಂತ ಹೆಚ್ಚಾಗಿ ಆ ವರ್ಷಗಳಿಗಾಗಿ. ಈ ಮಾತನ್ನು ಅವರಿಗೇ ಹೇಳಹೋದಾಗ ನನ್ನನ್ನೂ ಮುಗಿಸಲು ಬಿಡಲಿಲ್ಲ. "ಇರ್ಲಿ ಬಿಡಽ ತಂಗಿ, ಗೊತ್ತೈತಿ" ಎಂದರು. ಅದೊಂದು ಸಲ ಸರಿಯಾಗಿಯೇ ಮುಗಿಸಿದ್ದರು.

ಅಪ್ಪ ಹೋದ ಮೇಲೆ ಅಕ್ಕಾರು ಬಹಳ ದಿನ ಮಾಂಬಲಂನಲ್ಲಿ ಇರಲಿಲ್ಲ. ಕಣ್ಣು ಮಂಜಾಯಿತು, ಕತ್ತರಿಸುವ ಕೆಲಸ ಆಗುತ್ತಿಲ್ಲವೆಂದು ಊರಿಗೆ, ತಮ್ಮನ ಮನೆಗೆ ಹೋದರು. ಫೋನಿನಲ್ಲಿ ಆಗಾಗ ಮಾತಾಡುತ್ತಿದ್ದೆವು. ನಾನು ಹಲೋ ಅನ್ನುವಷ್ಟರಲ್ಲಿ ಅವರ ಅರ್ಧ ಮಾತು ಆಗಿರುತ್ತಿತ್ತು. ಒಂದು ದಿನ ಅವರ ತಮ್ಮನೇ ಫೋನು ಮಾಡಿದರು... ನಿದ್ದೆಯಲ್ಲೇ ಹೋದರಂತೆ.

ಅಪ್ಪನ ದನಿ ಸಿ.ಡಿ.ಯಿಂದ ಕಂಪ್ಯೂಟರಿಗೆ, ಅಲ್ಲಿಂದ ಈಗ ನನ್ನ ಮೊಬೈಲಿಗೆ ಬಂದಿದೆ. ಬೇಕೆನಿಸಿದಾಗ ಕೇಳುತ್ತೇನೆ. ಒಂದು ಪದವೂ ಅವಸರಪಡುವುದಿಲ್ಲ. ಆದರೆ ಅಕ್ಕಾರ ದನಿ ಎಲ್ಲಿಯೂ ಇಲ್ಲ. ಊರಿನವರ ಮದುವೆಗಳನ್ನೆಲ್ಲ ಕತ್ತರಿಸಿ ಜೋಡಿಸಿದವರು ತಾವು ಯಾವ ಟೇಪಿನಲ್ಲೂ ಇರಲಿಲ್ಲ, ನಮಗೂ ಹೊಳೆಯಲಿಲ್ಲ. ನನ್ನ ಕಿವಿಯೊಳಗೆ ಉಳಿದದ್ದಷ್ಟೇ ಇದೆ. ಅದೂ ಈಚೀಚೆಗೆ ನಿಧಾನವಾಗುತ್ತಿದೆ. ಅವರು ಒಂದೊಂದೇ ಪದ ಬಿಡಿಸಿ, ಶಾಂತವಾಗಿ ಮಾತಾಡಿದ ಹಾಗೆ ಕೇಳುತ್ತದೆ. ಅವರು ಹಾಗೆ ಮಾತಾಡಿದವರೇ ಅಲ್ಲ. ವೇಗ ತಪ್ಪಿದೆ ಎಂದು ನನಗೆ ಗೊತ್ತು. ಯಾರ ಹತ್ತಿರವಾದರೂ ಹೋಗಿ ಸರಿಮಾಡಿಸಿಕೊಳ್ಳೋಣವೆಂದರೆ, ಆ ಕೆಲಸಕ್ಕೆ ನನಗೆ ಗೊತ್ತಿದ್ದವರು ಅವರೊಬ್ಬರೇ.